ಹೊಳೆಯಲ್ಲಿ ಹಿಡಿಯದ ಕೈ

"ಗೌರೀ! ಅಲ್ಲೇನ್ ಮಾಡ್ತಿದ್ದೀಯೇ? ಒಂದ್ ತಂಬಿಗೆ ನೀರು ತಗಂಬಾರೇ, ಗಂಟಲು ಒಣಗೋಯ್ತು!"

ಸೋದರತ್ತೆ ಭದ್ರಮ್ಮನ ದನಿ. ಹಿಪ್ಪುನೇರಳೆ ತೋಟದ ಆಚೆಯಿಂದ ಬಂತು. ಪುಟ್ಟಗೌರಿ ತಂಬಿಗೆ ತುಂಬಿಕೊಂಡು ಓಡಿದಳು. ಅಲ್ಲಿ ಅತ್ತೆ ಇರಲಿಲ್ಲ. ಬದುವಿನ ಮೇಲೆ ಉದ್ದಕ್ಕೆ ಬೆಳೆದ ಒಬ್ಬ ಹುಡುಗ ಕೂತಿದ್ದ. ಹೆಗಲ ಮೇಲೆ ಚೌಕಳಿ ಟವೆಲ್ಲು, ಕಣ್ಣ ತುಂಬ ಕಳ್ಳತನ. ತಂಬಿಗೆ ಇಸಕೊಂಡು ಗಟಗಟ ಕುಡಿದ. ಬಾಯಿ ಒರೆಸಿಕೊಂಡು ಅದೇ ಅತ್ತೆಯ ದನಿಯಲ್ಲಿ, "ನೂರ್ಕಾಲ ಬಾಳು ಕಣವ್ವ," ಅಂದ.

ಅವಳಿಗೆ ಸಿಟ್ಟು ಬರಬೇಕಿತ್ತು. ಬರುತ್ತಲೂ ಇತ್ತು. ದಾರಿಯಲ್ಲಿ ನಗು ಅಡ್ಡ ಬಂತು.

"ಯಾರ್ರೀ ನೀವು?"

"ಸದ್ಯಕ್ಕೆ ನಿಮ್ಮತ್ತೆ. ಮಿಕ್ಕ ಟೈಮಲ್ಲಿ ಮರಳವಾಡಿ ಮಾಯಣ್ಣ. ಬೆಳಗ್ಗೆಯಿಂದ ನಿಮ್ಮ ಹಿಂದೇನೇ ನಡೀತಾ ಇವ್ನಿ. ಆವಮ್ಮ ನಿಮ್ಮನ್ನ ಕೂಗಿದ್ದು ಕೇಳಿ ಕೇಳಿ ಬಾಯಿಪಾಠ ಆಗೋಯ್ತು."

ಅದು ಕೂಟಗಲ್‌ನಿಂದ ಮಾದಪ್ಪನ ಬೆಟ್ಟಕ್ಕೆ, ಶಿವರಾತ್ರಿಗೆ ನಡೆದು ಹೋಗುವ ತಂಡ. ದಾರಿಯುದ್ದಕ್ಕೂ ಜನ ಬಂದು ಸೇರಿಕೊಳ್ಳುತ್ತಿದ್ದರು. ಪುಟ್ಟಗೌರಿ ಬೈರಾಪಟ್ಟಣದವಳು, ಕೂಟಗಲ್ಲಿನ ಸೋದರತ್ತೆಯ ಜೊತೆ ಹೊರಟಿದ್ದಳು. ಆ ವರ್ಷಗಳಲ್ಲಿ ರಾಮನಗರದ ಸೀಮೆಗೆಲ್ಲ ರೇಷ್ಮೆ ಹುಳವೇ ದೊರೆ. ಕುರಿ ಮೇಯಿಸುತ್ತಿದ್ದವರೂ ಹುಳ ಮೇಯಿಸತೊಡಗಿದ್ದರು. ಹುಳ ತನಗೊಂದು ಗೂಡು ಕಟ್ಟಿಕೊಂಡರೆ, ಜನ ಹುಳಕ್ಕೊಂದು ಮನೆ ಕಟ್ಟಿ, ಮಿಕ್ಕಿದ ಹೆಂಚಲ್ಲಿ ತಮಗೂ ಒಂದು ಕಟ್ಟಿಕೊಳ್ಳುತ್ತಿದ್ದರು.

ಐದು ವರ್ಷದಿಂದ ಪುಟ್ಟಗೌರಿ ಕೂತು ಉಂಡದ್ದು ಕಡಿಮೆ. ಸೊಪ್ಪು ಕುಯ್ಯಿ, ಸೊಪ್ಪು ಹೆಚ್ಚು, ಸೊಪ್ಪು ಹಾಸು. ಒಂದು ಬೆಳೆ ಇಳಿದು ಮುಂದಿನ ಮೊಟ್ಟೆ ತರುವ ತನಕ ಹುಳದ ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ, ಬಾಗಿಲು ಮುಚ್ಚುತ್ತಾರಲ್ಲ, ಆ ಹನ್ನೆರಡು ದಿನ ಮಾತ್ರ ಅವಳವು. ಅವನ್ನೂ ಈ ಸಲ ಮಾದಪ್ಪನಿಗೆ ಕೊಟ್ಟಿದ್ದಳು. ಅಪ್ಪ ಮರದಿಂದ ಬಿದ್ದು ಮಲಗಿದ್ದಾಗ ಹೇಳಿಕೊಂಡ ಹರಕೆ. ಅಪ್ಪ ಎದ್ದು ನಡೆದರೆ ನಾನೂ ನಡೆದು ಬತ್ತೀನಿ, ಒಂದು ಹೆಜ್ಜೆಯನ್ನೂ ಬಸ್ಸಿಗೆ ಕೊಡಲ್ಲ ಅಂತ.

ಮೊದಲ ದಿನ ಕಾಲು ಮಾತಾಡಿತು, ಬರೀ ದೂರು. ಎರಡನೇ ದಿನ ತಲೆ ಮಾತಾಡಿತು. ಹುಳದ ತಟ್ಟೆ, ತಮ್ಮನ ಫೀಸು, ಒಣಗಿದ ಬೋರ್‌ವೆಲ್ಲು. ಮೂರನೇ ದಿನ ಕಾಲು ತಲೆ ಎರಡೂ ಸುಮ್ಮನಾದವು. ಕನಕಪುರ ದಾಟಿದ ಮೇಲೆ ಬಂಡೆಗಳ ಮೇಲೆ ಬಿಸಿಲು ತುಪ್ಪದ ಹಾಗೆ ಇಳಿಯುತ್ತಿತ್ತು. ಮುಂದೆ ಯಾರೋ "ಉಘೇ ಮಾದಪ್ಪಾ" ಅಂದರೆ, ಆ ಕೂಗು ಬಂಡೆಯಿಂದ ಬಂಡೆಗೆ ಹೋಗಿ, ಅವಳನ್ನು ಮುಟ್ಟುವ ಹೊತ್ತಿಗೆ ಪಿಸುಮಾತಾಗಿರುತ್ತಿತ್ತು.

"ಏನ್ ಯೋಚನೆ?" ಮಾಯಣ್ಣ ಪಕ್ಕಕ್ಕೆ ಬಂದ. ಪಕ್ಕ ಅಂದರೆ ಮಧ್ಯದಲ್ಲಿ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟು.

"ಹುಳ ಜ್ವರಕ್ಕೆ ಕೂತ್ಕತದಲ್ಲ," ಅಂದಳು. "ಸೊಪ್ಪು ಮುಟ್ಟಲ್ಲ. ತಲೆ ಎತ್ಕಂಡು ಯಾರನ್ನೋ ಕೇಳಿಸ್ಕಳ್ಳೋ ತರ ಇರ್ತದೆ. ಎದ್ದಾಗ ನೋಡಿದ್ರೆ ಹಳೇ ಚರ್ಮ ಹಿಂದೆ ಬಿದ್ದಿರ್ತದೆ. ನಡೀತಾ ನಡೀತಾ ನನಗೂ ಹಂಗೇ ಏನೋ ಆಯ್ತಾ ಐತೆ ಅನ್ನುಸ್ತು."

ಅವನು ನಗಲಿಲ್ಲ. "ಹುಳಕ್ಕೆ ನಾಕು ಜ್ವರ. ನಿಮಗೆ ಎಷ್ಟನೇದು?"

"ಮೂರಿರಬೇಕು."

"ನನಗೆ ನೀರು ಕುಡಿದಾಗಿಂದ ಒಂದೇ ಜ್ವರ. ಇಳೀತಾನೇ ಇಲ್ಲ."

ಅವಳು ಸೆರಗು ಸರಿಪಡಿಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದಳು. ಸೆರಗು ಸರಿಯಾಗೇ ಇತ್ತು. ಸರಿಯಿಲ್ಲದ್ದು ಮುಖ, ಅದು ಎಷ್ಟು ಹೇಳಿದರೂ ಕೇಳದೆ ನಗುತ್ತಿತ್ತು.

ಅವತ್ತು ಮಧ್ಯಾಹ್ನ ಹುಣಸೆಮರದಡಿ ರಾಗಿಮುದ್ದೆ ಉಂಡು ಎಲ್ಲರೂ ಕಾಲು ಚಾಚಿದ್ದಾಗ, ತಂಡದ ಹಿರಿಯಳು ಮುನಿತಾಯಮ್ಮ ಎಲೆಯಡಿಕೆ ಮಡಿಸುತ್ತಾ ಹೇಳಿದಳು. "ಹೊಸಬರು ಕೇಳ್ಕಳಿ. ನಾಳೆ ಸಂಗಮದಾಚೆ ಕಾವೇರಿ ದಾಟಬೇಕು. ಹೈಕಳು ಸಾಲಾಗಿ ನೀರಲ್ಲಿ ನಿಂತ್ಕತಾರೆ, ಹೆಂಗಸರು ಕೈಯಿಂದ ಕೈಗೆ ದಾಟ್ತಾರೆ. ನಮ್ಮ ತಂಡಕ್ಕೆ ನಮ್ಮತ್ತೆ ಮಾಡಿದ ಕಟ್ಟಳೆ ಒಂದೈತೆ. ಹೊಳೇಲಿ ಹಿಡಿದ ಕೈ ಒಡಹುಟ್ಟಿದ ಕೈ. ಅವತ್ತಿಂದ ಅವರು ಅಣ್ಣ ತಂಗಿ. ಊರ ಬಾಯಿಗೆ ಅದೇ ಬೀಗ. ಅದಕ್ಕೇ ನಮ್ಮ ತಂಡಕ್ಕೆ ವಯಸ್ಸಿನ ಹುಡುಗೀರನ್ನೂ ಕಳುಸ್ತಾರೆ."

"ನಮ್ಮ ಮಾಯಣ್ಣಂಗೆ ಎಷ್ಟಾದ್ರು ತಂಗೀರು?" ಯಾರೋ ಕೇಳಿದರು.

"ಎರಡು ವರ್ಷಕ್ಕೆ ಹತ್ತೊಂಬತ್ತು!" ಅವನು ಎದ್ದು ನಿಂತ. "ಗೌರಿ ಹಬ್ಬ ಬಂತು ಅಂದ್ರೆ ಬಾಗಿನದ ಮೊರ ಹೊತ್ತು ಹೊತ್ತು ನೆತ್ತಿ ಚಪ್ಪಟೆ ಆಗೋಯ್ತದೆ." ಒಬ್ಬೊಬ್ಬ ತಂಗಿಯೂ ಬಾಗಿಲಲ್ಲಿ ನಿಂತು ಬಾಗಿನ ಇಸಕೊಳ್ಳುವ ಬಗೆಯನ್ನು ಮಾಡಿ ತೋರಿಸಿದ. ಮೂಗಲ್ಲಿ ಮಾತಾಡುವವಳು, ಹಿಂದಿನ ವರ್ಷದ್ದೇ ದೊಡ್ಡದಿತ್ತು ಅನ್ನುವವಳು, ಅಳುವವಳು. ಮರದಡಿ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಇಪ್ಪತ್ತನೆಯವಳನ್ನು ಮಾಡಲು ಬಾಯಿ ತೆರೆದವನು ಪುಟ್ಟಗೌರಿಯನ್ನು ನೋಡಿದ. ಬಾಯಿ ಹಾಗೇ ಉಳಿಯಿತು. ಟವೆಲ್ಲು ಕೊಡವಿಕೊಂಡು ಕೂತುಬಿಟ್ಟ.

ಭದ್ರಮ್ಮ ಅದನ್ನು ನೋಡಿದಳು. "ನಾಳೆ ಒಂದ್ ಹೊಳೆ ದಾಟ್ಬುಟ್ರೆ ಸಾಕಪ್ಪ," ಅಂದಳು, ಯಾರಿಗೂ ಅಲ್ಲದ ಹಾಗೆ. "ನನಗೂ ನೆಮ್ಮದಿ."

ಮರುದಿನ ಕಾಡು ಇಳಿಯುವ ದಾರಿಯಲ್ಲಿ ಅವನು ಯಾರ ದನಿಯನ್ನೂ ಮಾಡಲಿಲ್ಲ. ಅವಳೇ ಕೇಳಿದಳು.

"ನೀವು ಎಲ್ಲಿ ನಿಂತ್ಕತೀರಿ?"

"ನಡುಹೊಳೇಲಿ. ಆಳ ಇರೋ ಕಡೆ. ಉದ್ದ ಬೆಳೆದಿದ್ದು ನನ್ನ ತಪ್ಪಾ?"

"ಬೇರೆ ಯಾರನ್ನಾದ್ರೂ ನಿಲ್ಲುಸ್ಬೋದಲ್ಲ."

"ಕೇಳ್ದೆ. ಅಲ್ಲಿ ತಳದಲ್ಲಿ ಪಾಚಿ ಕಟ್ಟಿದ ಬಂಡೆ ಅವೆ, ಅವು ಗೊತ್ತಿರೋದು ನಿನ್ನ ಕಾಲಿಗೊಂದಕ್ಕೇ ಅಂದ್ರು." ಒಂದು ಎಲೆ ಕಿತ್ತ, ಹರಿದ, ಎಸೆದ. "ನೀವು ಈ ಕಡೇನೇ ಉಳ್ಕಂಡ್ರೆ?"

"ಹರಕೆ?"

ಅವನು ತಲೆಯಾಡಿಸಿದ. ಅವಳು ಮೊದಲ ಸಲ ಅವನ ಮುಖವನ್ನು ಪೂರ್ತಿ ನೋಡಿದಳು. ಇಷ್ಟು ಜನರ ದನಿಗೆ ಮನೆ ಕೊಟ್ಟ ಮುಖ ಖಾಲಿಯಾದಾಗ ಇಷ್ಟು ಚೆಂದ ಇರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಕಾವೇರಿ ಆ ಬೆಳಗ್ಗೆ ಹಸಿರಾಗಿ, ನಿಧಾನವಾಗಿ, ಏನೂ ಗೊತ್ತಿಲ್ಲದವಳ ಹಾಗೆ ಹರಿಯುತ್ತಿದ್ದಳು. ಹುಡುಗರು ಸಾಲಾಗಿ ನೀರಿಗಿಳಿದರು. ಮುನಿತಾಯಮ್ಮ ದಾಟಿದಳು. ಭದ್ರಮ್ಮ ಹತ್ತು ದೇವರನ್ನು ಕೂಗಿಕೊಂಡು ದಾಟಿದಳು. ಪುಟ್ಟಗೌರಿ ಚಪ್ಪಲಿ ಬಿಚ್ಚಿದಳು, ಬಟ್ಟೆಗಂಟು ಬಿಗಿದಳು, ಬಿಚ್ಚಿ ಮತ್ತೆ ಬಿಗಿದಳು. ಹೀಗೆ ಹಿಂದೆ ಹಿಂದೆ ಉಳಿದು ಕೊನೆಯವಳಾದಳು.

ಗಂಟನ್ನು ತಲೆಯ ಮೇಲಿಟ್ಟುಕೊಂಡು ಇಳಿದಳು. ಮೊದಲನೆಯ ಕೈ ಹಿಡಿದಳು, ಒಬ್ಬ ಅಣ್ಣ ಸಿಕ್ಕ. ಎರಡು, ಮೂರು, ನಾಲ್ಕು. ಇಪ್ಪತ್ತು ಹೆಜ್ಜೆಗೆ ನಾಲ್ಕು ಅಣ್ಣಂದಿರು. ನೀರು ಸೊಂಟ ದಾಟಿತು. ಎದುರಿಗೆ ಮಾಯಣ್ಣ. ಸೊಂಟಮಟ್ಟದ ನೀರಲ್ಲಿ ನಿಂತು ನಿಂತು ತುಟಿ ನೀಲಿಯಾಗಿತ್ತು. ಅವನು ಕೈ ಚಾಚಿದ. ಕಣ್ಣು ಮಾತ್ರ ನೀರಿನ ಮೇಲೆ.

ಅವಳು ನಾಲ್ಕನೆಯ ಕೈ ಬಿಟ್ಟಳು. ಐದನೆಯದನ್ನು ಹಿಡಿಯಲಿಲ್ಲ.

"ಕೈ ಕೊಡೇ ಕೂಸೇ!" ಆಚೆ ದಡದಿಂದ ಮುನಿತಾಯಮ್ಮ ಕೂಗಿದಳು. "ಅಲ್ಲಿ ಸೆಳೆತ ಐತೆ!"

"ಬ್ಯಾಡ ಅಜ್ಜೀ!"

"ಏನ್ ಬ್ಯಾಡ?"

"ಈ ಒಂದ್ ಕೈ ಬ್ಯಾಡ!"

ನೀರಲ್ಲೂ ದಡದಲ್ಲೂ ನಲವತ್ತು ಜನ ಇದ್ದರು. ನಲವತ್ತು ಜನಕ್ಕೂ ಕಟ್ಟಳೆ ಗೊತ್ತಿತ್ತು. ಅದಕ್ಕಿಂತ ಬಿಡಿಸಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಭದ್ರಮ್ಮ ಹಣೆ ಚಚ್ಚಿಕೊಂಡು ಮರಳ ಮೇಲೆ ಕೂತುಬಿಟ್ಟಳು.

ಮಾಯಣ್ಣ ತಲೆಯೆತ್ತಿದ. ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಗೊಂಡ, ಬಿಸಿ ಪಾತ್ರೆಯಿಂದ ತಗೊಳ್ಳುವ ಹಾಗೆ.

"ಗೌರೀ," ಅಂದ. ಅತ್ತೆಯ ದನಿಯಲ್ಲ, ಯಾರ ದನಿಯೂ ಅಲ್ಲ. ಒಸಿ ಒಡೆದಿತ್ತು. "ನಾನು ಪಕ್ಕದಲ್ಲೇ ಬತ್ತೀನಿ. ಮುಟ್ಟಲ್ಲ. ಆದ್ರೆ ಜಾರಿದ್ರೆ ಹಿಡೀತೀನಿ, ಬುಡಲ್ಲ. ಹಿಡಿದ್ರೆ ಸಾಯೋಗಂಟ ನಿನಗೆ ಅಣ್ಣ. ಜಾರ್‌ಬ್ಯಾಡ ಕಣೇ."

"ಕಾಲೆಲ್ಲಿಡಲಿ, ಹೇಳು."

"ಎಡಕ್ಕೆ ಮರಳು. ಇಡು. ಈಗ ಬಂಡೆ. ಹೆಬ್ಬೆಟ್ಟು ಊರು, ಹಿಮ್ಮಡಿ ಆಮೇಲೆ."

ಅವಳು ನಡೆದಳು. ಅವನೂ ನಡೆದ, ಒಂದು ಗೇಣು ಅಂತರದಲ್ಲಿ, ಎರಡೂ ತೋಳು ಬಿಚ್ಚಿಕೊಂಡು, ಗಾಳಿಯನ್ನು ತಬ್ಬಿದವನ ಹಾಗೆ. ಮೂರು ದಿನ ನಡೆದದ್ದು ಈ ಹನ್ನೆರಡು ಹೆಜ್ಜೆ ಕಲಿಯಲಿಕ್ಕೇ ಅನ್ನಿಸಿತು ಅವಳಿಗೆ. ದೇವರು ಇನ್ನೂ ದೂರದ ಬೆಟ್ಟದಲ್ಲಿದ್ದ. ಆದರೂ ಹೆಬ್ಬೆಟ್ಟಿನಡಿ ಬಂಡೆ ಗಟ್ಟಿಯಾಗಿ ಸಿಕ್ಕಿದಾಗೆಲ್ಲ ಅವಳ ಬಾಯಿ ತಾನಾಗೇ ಮಾದಪ್ಪಾ ಅನ್ನುತ್ತಿತ್ತು.

ಒಂಬತ್ತನೆಯ ಹೆಜ್ಜೆಯಲ್ಲಿ ಪಾಚಿ ಜಾರಿತು.

ನೀರು ಬಾಯಿಗೆ ಬಂತು, ಗಂಟು ವಾಲಿತು, ಆಕಾಶ ವಾಲಿತು. ಅವನ ಕೈ ನುಗ್ಗಿ ಬಂದು ಅವಳ ಮಣಿಕಟ್ಟಿನ ಹತ್ತಿರ, ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತು. "ಹಿಡೀಲಾ?" ಅಂದ. ಅದು ಪ್ರಶ್ನೆಯಂತಿರಲಿಲ್ಲ, ಅಳುವಿನಂತಿತ್ತು.

"ತಡಿ!" ಅಂದಳು. ನೀರು ಉಗುಳಿದಳು. ಮಂಡಿ ಬಗ್ಗಿಸಿ, ಕಾಲಲ್ಲಿ ತಡಕಾಡಿ ಮರಳು ಹುಡುಕಿದಳು. ಸಿಕ್ಕಿತು. ನಿಂತಳು. "ತಡಿ... ನಿಂತ್ಕಂಡೆ."

ಅಲ್ಲಿಂದ ಮುಂದೆ ನಿಂತಿದ್ದ ಹುಡುಗರು ಯಾರೂ ಹೇಳದೆಯೇ ಕೈ ಹಿಂದಕ್ಕೆ ಕಟ್ಟಿಕೊಂಡು ದಾರಿ ಬಿಟ್ಟರು. ಅವಳು ದಡ ಹತ್ತಿದಳು, ಒಬ್ಬಳೇ. ಅವನೂ ಹತ್ತಿದ, ಅವಳಷ್ಟೇ ಏದುಸಿರು ಬಿಡುತ್ತಾ.

ಮುನಿತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ಮೇಲಿಂದ ಕೆಳಗಿನ ತನಕ ನೋಡಿದಳು.

"ಹಿಡಿದ್ನೇನೇ?"

"ಇಲ್ಲಜ್ಜೀ."

"ಮುಟ್ಟಿದ್ನಾ?"

"ಇಲ್ಲ."

ಮುದುಕಿ ಎಲೆಯಡಿಕೆ ಉಗಿದಳು. "ಭದ್ರೀ, ಏಳೇ ಮೇಲೆ. ಯಾಕೆ ಸತ್ತೋರ ಮುಂದೆ ಕೂತಂಗೆ ಕೂತಿದ್ದೀಯ? ನಮ್ಮತ್ತೆ ಕಟ್ಟಳೆ ಮುರೀಲಿಲ್ಲ ಕಣೇ ಇವಳು, ಅದಕ್ಕೆ ಮರ್ವಾದೆ ಕೊಟ್ಟವ್ಳೆ. ಬೆಟ್ಟ ಇಳಿದ ಮೇಲೆ ಬೈರಾಪಟ್ಟಣಕ್ಕೆ ನಾನೇ ಬತ್ತೀನಿ, ಇವಳಪ್ಪನ ಹತ್ರ ಹೆಣ್ಣು ಕೇಳಾಕೆ." ಆಮೇಲೆ ತಂಡದ ಕಡೆ ತಿರುಗಿ, "ಎಲ್ಲಾರೂ ಒಸಿ ಕೂತ್ಕಳಿ. ಸೀರೆ ಪಂಚೆ ಒಣಗ್ಲಿ," ಅಂದಳು.

ಭದ್ರಮ್ಮ ಎದ್ದಳು. ಸೋದರಸೊಸೆಯ ತಲೆಯನ್ನು ತನ್ನ ಸೆರಗಿನಿಂದ ಗಸಗಸ ಒರೆಸಿದಳು, ಬೈಯುತ್ತಲೇ.

ಅತ್ತೆ ಹೋದ ಮೇಲೆ ಮಾಯಣ್ಣ ಹತ್ತಿರ ಬಂದು ಬಂಡೆಯ ಮೇಲೆ ಕೂತ. ಮೆಲ್ಲಗೆ ಕೈ ಚಾಚಿದ. "ಈಗ ಹೊಳೇಲಿಲ್ಲ."

ಪುಟ್ಟಗೌರಿ ಆ ಕೈ ನೋಡಿದಳು. ಬೆರಳ ತುದಿಯಿಂದ ಒಂದು ಹನಿ ಬಿತ್ತು.

"ಕೈಲಿ ಇನ್ನೂ ಹೊಳೆ ಐತೆ," ಅಂದಳು. "ಒಣಗ್ಲಿ."

ಟವೆಲ್ಲಿಗೆ ಕೈ ಹಾಕಿದ. ಅದೂ ತೊಯ್ದು ತೊಪ್ಪೆಯಾಗಿತ್ತು. ಬೇರೆ ದಾರಿಯಿಲ್ಲದೆ ಅಂಗೈ ಬಿಚ್ಚಿ ಬಿಸಿಲಿಗಿಟ್ಟ. ಅವಳೂ ತನ್ನದನ್ನು ಇಟ್ಟಳು, ಪಕ್ಕದಲ್ಲೇ. ಇಬ್ಬರೂ ಮಣಿಕಟ್ಟಿನಿಂದ ಅಂಗೈಗೆ, ಅಂಗೈಯಿಂದ ಬೆರಳಿಗೆ ನೀರು ಹಿಂದೆ ಸರಿಯುವುದನ್ನೇ ನೋಡುತ್ತಾ ಕೂತರು.