ದುರ್ಬೀನಿನ ಕಪ್ಪು ಬಿಲ್ಲೆ

“ಮಾವಶಿ, ನಮ್ಮ ಕಾಕಾನ ಕಣ್ಣು ಯಾರೋ ಸುಟ್ಟಾರ್ರಿ,” ಎನ್ನುತ್ತ ಕುಂದಾ ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತುಬಿಟ್ಟಳು.

೧೯೮೫ರ ನವೆಂಬರಿನ ಒಂದು ಬುಧವಾರ ಅದು. ನಾನು ರಾಯಪ್ಪ, ನಿವೃತ್ತ ಕಂಪೌಂಡರ್. ಅನಗೋಳದಲ್ಲಿ ಚಂದ್ರಭಾಗಾಬಾಯಿಯವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕುಂದಾ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದದ್ದು ಅವರನ್ನೇ. ಬಾಯಿ ಬೆಳಗಾವಿಯ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವರು. ಮನುಷ್ಯ ಎಲ್ಲಿ ಸುಳ್ಳು ಹೇಳುತ್ತಾನೆ ಎಂಬುದು ಅವರಿಗೆ ಕಿವಿಯಿಂದಲೇ ತಿಳಿಯುತ್ತಿತ್ತು. ಪೊಲೀಸರಿಗೆ ಬಗೆಹರಿಯದ ಎಷ್ಟೋ ಗೋಜಲುಗಳನ್ನು ಅವರು ಬಿಡಿಸಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

“ಕುಂದರು. ನೀರು ಕುಡಿ. ಮೊದಲಿಂದ ಹೇಳು,” ಎಂದರು ಬಾಯಿ.

ಕುಂದಾಳ ಕಾಕಾ ತ್ರ್ಯಂಬಕ ಮಾಸ್ತರರು ಖಾನಾಪುರದ ಹತ್ತಿರದ ಗುಂಜಿಯವರು. ತಾವೇ ಗಾಜು ಉಜ್ಜಿ ಕನ್ನಡಿ ಮಾಡಿ, ಆರಿಂಚಿನ ದುರ್ಬೀನು ಕಟ್ಟಿಕೊಂಡಿದ್ದರು. ಎರಡು ವರ್ಷದಿಂದ ಅದರಲ್ಲಿ ಒಂದೇ ಒಂದು ಕ್ಷುದ್ರಗ್ರಹವನ್ನು ನೋಡುತ್ತಿದ್ದರು. ಅಮೆರಿಕದವರ ನೌಕೆಯೊಂದು ಗುರುಗ್ರಹಕ್ಕೆ ಹೋಗುವ ದಾರಿಯಲ್ಲಿ ಆ ಕಲ್ಲುಗುಂಡಿನ ಹತ್ತಿರ ಹಾಯುವುದಿತ್ತು. ಅದಕ್ಕೂ ಮೊದಲೇ ಅದರ ಮೈ ಹೇಗಿದೆ, ಎಷ್ಟು ಹೊತ್ತಿಗೊಂದು ಸುತ್ತು ತಿರುಗುತ್ತದೆ ಎಂದು ತಿಳಿಯಬೇಕು. ದುರ್ಬೀನಿನಲ್ಲಿ ಅದು ಬರೀ ಚುಕ್ಕಿ. ಆದರೆ ತಿರುಗುವಾಗ ಅಗಲವಾದ ಮೈ ನಮ್ಮತ್ತ ಬಂದರೆ ಹೊಳಪು ಏರುತ್ತದೆ, ಕಿರಿದಾದ ಮೈ ಬಂದರೆ ಇಳಿಯುತ್ತದೆ. ಮಾಸ್ತರರು ಆ ಏರಿಳಿತವನ್ನು ಹತ್ತು ನಿಮಿಷಕ್ಕೊಮ್ಮೆ ಬರೆದು ಹೊರದೇಶದ ಒಂದು ವೀಕ್ಷಣಾಲಯಕ್ಕೆ ಕಳಿಸುತ್ತಿದ್ದರು.

“ದಿನಾ ಮುಂಜಾನೆ ಹತ್ತಕ್ಕ ಸೂರ್ಯನ ಮ್ಯಾಲಿನ ಕಪ್ಪು ಕಲಿ ಎಣಸೂದು ಕಾಕಾನ ರೂಢಿ,” ಎಂದಳು ಕುಂದಾ. “ದುರ್ಬೀನಿನ ಬಾಯಿಗೆ ಮುಚ್ಚಳ ಹಾಕ್ತಾನ. ಅದರಾಗ ಎಂಟಾಣೆ ಅಗಲದ ತೂತು, ಅದಕ್ಕ ವೆಲ್ಡಿಂಗ್ ಮಾಡೋರ ಕಪ್ಪು ಗಾಜು ಅಂಟಿಸಿರತದ. ಸೋಮವಾರ ನೋಡಿದ. ನೋವು ಏನೂ ಆಗಲಿಲ್ಲ. ಮಧ್ಯಾಹ್ನ ಊಟಕ್ಕ ಕುಂತಾಗ, ತಾಟಿನ ನಡುವ ಏನಿದು ಕಪ್ಪು ಅಂದ. ಬಲಗಣ್ಣಿನ ನಡುಭಾಗ ಸುಟ್ಟೈತಿ, ತಿರುಗಿ ಬರೂದಿಲ್ಲ ಅಂತ ಡಾಕ್ಟರ್ ಹೇಳಿದ್ರು. ಮುಚ್ಚಳ ನೋಡಿದರ ಅದರಾಗ ಗಾಜೇ ಇಲ್ಲ. ಎಂಥದೋ ಕಪ್ಪು ಹಾಳಿ ಐತಿ.”

ಮದ್ದಿನ ಕೋಣೆಯಲ್ಲಿ ಮೂವತ್ತು ವರ್ಷ ಕಳೆದವನಿಗೂ, ನೋವೇ ಕೊಡದೆ ಕಣ್ಣು ಕಿತ್ತುಕೊಂಡ ಸಂಗತಿ ಹೊಸದು.

ಮಧ್ಯಾಹ್ನದ ರೈಲಿಗೆ ಗುಂಜಿಗೆ ಹೋದೆವು. ಮಾಸ್ತರರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಬಾಯಿಯ ಮುಖ ನೋಡಲು ತಲೆಯನ್ನು ಒಂದು ಬದಿಗೆ ವಾಲಿಸಿದರು.

“ಸೋಮವಾರ ಏನರ ಬ್ಯಾರೆ ಅನಿಸ್ತೇನ್ರಿ?” ಎಂದು ಕೇಳಿದರು ಬಾಯಿ.

“ಆ ಗಾಜಿನಾಗ ಸೂರ್ಯ ಯಾವಾಗಲೂ ಹಸಿರು ಕಾಣತಾನ. ಸೋಮವಾರ ಕೆಂಪು ಕಂಡ. ಮಬ್ಬು ಮೋಡ ಇರಬೇಕು ಅಂತ ಇನ್ನಷ್ಟು ಹೊತ್ತು ನೋಡಿದೆ.”

“ರವಿವಾರ?”

“ಹಸಿರೇ ಇತ್ತು.”

ಅಂದರೆ ರವಿವಾರ ಹತ್ತರ ನಂತರ ಯಾರೋ ಮುಚ್ಚಳದ ಗಾಜಿನ ಬಿಲ್ಲೆ ಬದಲಿಸಿದ್ದರು. ಅಂದು ಮಧ್ಯಾಹ್ನ ಬಂದವರು ಇಬ್ಬರೇ. ಒಬ್ಬ ಖಾನಾಪುರದ ಫೋಟೋ ಸ್ಟುಡಿಯೋದ ಬಾಳಪ್ಪ, ದುರ್ಬೀನಿನ ಚಿತ್ರ ತೆಗೆಯಲು ಬಂದಿದ್ದ. ಪಕ್ಕದ ಹಿತ್ತಲು ಅವನದು, ಅದರ ಗಡಿಯ ವಿಚಾರದಲ್ಲಿ ಅವನಿಗೂ ಮಾಸ್ತರರಿಗೂ ಹಳೆಯ ತಂಟೆಯಿತ್ತು. ಇನ್ನೊಬ್ಬ ಮಾಸ್ತರರ ಶಿಷ್ಯ ಗುರುಪಾದಪ್ಪ, ಬೆಳಗಾವಿಯಲ್ಲಿ ಕಾಲೇಜು ಉಪನ್ಯಾಸಕ. ಅಕ್ಟೋಬರಿನಲ್ಲಿ ಮಾಸ್ತರರು ಕಾಮಾಲೆಯಾಗಿ ಆಸ್ಪತ್ರೆ ಸೇರಿದಾಗ, ಕುಂದಾ ಅವರ ಜೊತೆಗಿದ್ದಳು. ಮನೆಯ ಕೀಲಿ ಇಟ್ಟುಕೊಂಡು ಹತ್ತೊಂಬತ್ತು ರಾತ್ರಿ ವೀಕ್ಷಣೆ ನಡೆಸಿದವನು ಗುರುಪಾದಪ್ಪ.

ಬಾಯಿ ಮುಚ್ಚಳವನ್ನು ಬೆಳಕಿಗೆ ಹಿಡಿದರು. ಕಪ್ಪು ಹಾಳೆ ಫೋಟೋ ಫಿಲ್ಮಿನ ತುಂಡು. ಅದರ ಅಂಚಿಗೆ ಕಾಗದದ ಪಟ್ಟಿ ಅಂಟಿಸಿತ್ತು. ಬ್ಲೇಡಿನಿಂದ ಪಟ್ಟಿ ಬಿಡಿಸಿದಾಗ, ಎದುರುಬದುರಿನ ಅಂಚಿನಲ್ಲಿ ಸಾಲಾಗಿ ಸಣ್ಣ ಚೌಕ ತೂತುಗಳು ಕಂಡವು. ಆಮೇಲೆ ಅವರು ವೀಕ್ಷಣೆಯ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಾಸು ಓದಿದರು. ಮಾಸ್ತರರ ಪುಟಗಳಲ್ಲಿ ಅಲ್ಲಲ್ಲಿ ಖಾಲಿ ಜಾಗ, ಬಾಜು “ಮೋಡ”, “ಎಂಜಿನ್ನಿನ ಹೊಗೆ”, “ಕೆಮ್ಮು ಬಂತು” ಎಂಬ ಟಿಪ್ಪಣಿ. ಗುರುಪಾದಪ್ಪನ ಹತ್ತೊಂಬತ್ತು ರಾತ್ರಿಗಳಲ್ಲಿ ಒಂದು ಸಾಲೂ ಖಾಲಿ ಇರಲಿಲ್ಲ. ಪ್ರತಿ ಪುಟದ ತಲೆಗೂ “ಆಕಾಶ ಸ್ವಚ್ಛ” ಎಂದಿತ್ತು.

“ಈ ಅಂಕಿ ನಿಮಗ ಒಪ್ಪಿಗಿ ಅವ ಏನ್ರಿ, ಮಾಸ್ತರ?”

“ಇಲ್ಲ. ಆಸ್ಪತ್ರಿಯಿಂದ ಬಂದ ಮ್ಯಾಲೆ ಒಂದು ರಾತ್ರಿ ನೋಡಿದೆ. ಗುರುಪಾದಪ್ಪನ ಲೆಕ್ಕದ ಪ್ರಕಾರ ಹೊಳಪು ಏರೂ ಹೊತ್ತಿನಾಗ ಇಳಿಯಾಕ ಹತ್ತಿತ್ತು. ಬುಧವಾರ ಪೂರಾ ರಾತ್ರಿ ನಾನ ಕುಂತು ನೋಡತೀನಿ, ನೀ ಕಳಿಸಿದ ಅಂಕಿ ತಪ್ಪಿದ್ದರ ಹೊರದೇಶದವರಿಗೆ ಬರೀತೀನಿ ಅಂತ ರವಿವಾರ ಅವಗ ಹೇಳಿದ್ದೆ.”

ಬಾಯಿ ವಹಿ ಮುಚ್ಚಿದರು. “ರಾಯಪ್ಪ, ಸ್ಟೇಶನ್ ಮಾಸ್ತರರ ಕಡೆ ಹೋಗಿ ಬರೂಣು ಬರ್ರಿ.”

ಮರುದಿನ ಹನ್ನೊಂದಕ್ಕೆ ಅದೇ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಖಾನಾಪುರ ಪೊಲೀಸ್ ಠಾಣೆಯ ಫೌಜದಾರರು ಕುರ್ಚಿಯಲ್ಲಿ, ಸ್ಟೇಶನ್ ಮಾಸ್ತರರು ರಿಜಿಸ್ಟರ್ ಹಿಡಿದು ಬಾಗಿಲ ಬಳಿ. ಬಾಳಪ್ಪ ಬೆವರುತ್ತಿದ್ದ. ಗುರುಪಾದಪ್ಪ ಮಾಸ್ತರರ ಪಕ್ಕದಲ್ಲೇ ಕುಳಿತು ಅವರ ಬೆನ್ನಿಗೆ ದಿಂಬು ಸರಿಪಡಿಸುತ್ತಿದ್ದ.

“ಫಿಲ್ಮ್ ಅಂದ ಕೂಡಲೇ ಎಲ್ಲರೂ ಬಾಳಪ್ಪನ ಮಾರಿ ನೋಡಿದ್ರಿ,” ಎಂದು ಬಾಯಿ ಸುರುಮಾಡಿದರು. “ಬಾಳಪ್ಪ, ನಿನ್ನ ಕ್ಯಾಮೆರಾದ ಫಿಲ್ಮ್ ತೋರಸು.”

ಅವನು ಅಗಲವಾದ ಸುರುಳಿ ಬಿಚ್ಚಿದ. ಅಂಚು ನುಣುಪಾಗಿತ್ತು.

“ಇದಕ್ಕ ತೂತಿಲ್ಲ. ಬಿಲ್ಲಿ ಮಾಡಿದ ಫಿಲ್ಮಿಗೆ ತೂತು ಅದಾವ. ಅದು ಸಣ್ಣ ಕ್ಯಾಮೆರಾದ್ದು. ಅಂಥಾ ಕ್ಯಾಮೆರಾ ಇವನ ಕಡೆ ಇಲ್ಲ. ಗುರುಪಾದಪ್ಪನವರ, ಅಂಥಾದ್ರಾಗ ಬಣ್ಣದ ಸ್ಲೈಡ್ ತೆಗದು ಕಾಲೇಜಿನಾಗ ಪಾಠಕ್ಕ ತೋರಸೋರು ನೀವಲ್ಲೇನ್ರಿ?”

“ಹೌದ್ರಿ. ಅಂಥಾ ಕ್ಯಾಮೆರಾ ಊರಾಗ ನೂರು ಮಂದಿ ಕಡೆ ಇರತಾವ.”

“ಖರೇ. ಆದರ ರವಿವಾರ ಈ ಮನಿಗೆ ಬಂದವರು ಇಬ್ಬರ. ಸೂರ್ಯ ಕೆಂಪು ಕಂಡಾನ ಅಂದರ ಇದು ಬಣ್ಣದ ಫಿಲ್ಮ್, ಕಪ್ಪಗ ಕಂಡರೂ ಅದು ಸೂರ್ಯನ ಕಾವು ತಡಿಯೂದಿಲ್ಲಂತ ಮಾಸ್ತರ ನಿನ್ನೆ ಹೇಳಿದ್ರು. ಇದನ್ನ ಹಿಂದ ಯಾರಿಗರ ಕಲಿಸಿದ್ರೇನ್ರಿ, ಮಾಸ್ತರ?”

ಮಾಸ್ತರರು ತಲೆ ವಾಲಿಸಿ ಗುರುಪಾದಪ್ಪನ ಮುಖ ನೋಡಿದರು. “ಇವಗ ಕಲಿಸೀನಿ. ಹತ್ತನೇ ಇಯತ್ತೆದಾಗ.”

ದಿಂಬಿನ ಮೇಲಿದ್ದ ಗುರುಪಾದಪ್ಪನ ಕೈ ಹಿಂದೆ ಸರಿಯಿತು.

“ಇನ್ನ ಕಾರಣ,” ಎಂದು ಬಾಯಿ ಸ್ಟೇಶನ್ ಮಾಸ್ತರರತ್ತ ತಿರುಗಿದರು. “ಮಂಜು ಬಿದ್ದ ರಾತ್ರಿ ಡ್ರೈವರಗ ಸಿಗ್ನಲ್ ಕಾಣೂದಿಲ್ಲ. ಹಳಿ ಮ್ಯಾಲೆ ಸದ್ದಿನ ಪಟಾಕಿ ಇಟ್ಟು ಅವಗ ಎಚ್ಚರಸತಾರ, ಅದನ್ನ ರಿಜಿಸ್ಟರಿನಾಗ ಬರದು ಇಡತಾರ. ಓದ್ರಿ.”

ಅವರು ಓದಿದರು. ಅಕ್ಟೋಬರ್ ಹದಿನಾಲ್ಕು, ಹದಿನೇಳು, ಇಪ್ಪತ್ತೆರಡು. ಮೂರೂ ರಾತ್ರಿ ಬೆಳಗಿನ ತನಕ ದಟ್ಟ ಮಂಜು.

“ಹಳಿ ಈ ಮನಿಯಿಂದ ಇನ್ನೂರು ಹೆಜ್ಜಿ. ಸಿಗ್ನಲ್ ಕಾಣದ ರಾತ್ರಿ ನಿಮಗ ಹತ್ತು ನಿಮಿಷಕ್ಕೊಮ್ಮೆ ಚುಕ್ಕಿ ಕಂಡೈತಿ. ನೀವು ಹಳೇ ಏರಿಳಿತ ನೋಡಿ, ಮುಂದಿಂದು ಕುಂತಲ್ಲೇ ಬರದೀರಿ. ಸುತ್ತಿನ ಲೆಕ್ಕದಾಗ ಸಣ್ಣ ತಪ್ಪಿತ್ತು. ದಿನಾ ಅದು ಬೆಳೀತು. ಮಾಸ್ತರ ಬುಧವಾರ ನೋಡಿದ್ರ ನಿಮ್ಮ ಬಣ್ಣ ಬಯಲಾಗತಿತ್ತು. ನಿಮಗ ಅವರು ನೋಡಬಾರದಾಗಿತ್ತು. ಅಷ್ಟ.”

ಬಾಳಪ್ಪ ತಲೆ ತಗ್ಗಿಸಿದ.

“ಮೊದಲನೇ ಎರಡು ರಾತ್ರಿ ಖರೇನ ನೋಡಿದ್ನಿರಿ,” ಎಂದ ಗುರುಪಾದಪ್ಪ. ಧ್ವನಿ ಅವನದೇ ಅನ್ನಿಸಲಿಲ್ಲ. “ಆಮ್ಯಾಲೆ ಮಂಜು ಬಿತ್ತು. ಆ ಅಂಕಿ ತೋರಿಸಿ ಒಂದು ವೀಕ್ಷಣಾಲಯದಾಗ ನೌಕರಿಗೆ ಅರ್ಜಿ ಹಾಕಿದ್ದೆ. ಅವರು ಈ ವಾರ ಸಂದರ್ಶನಕ್ಕ ಕರದಿದ್ರು. ಸರ್ ನಾಕು ದಿನ ನೋಡದಂಗ ಆದರ ಸಾಕಿತ್ತು. ಕಣ್ಣು ಪೂರಾ ಹೋಗತದ ಅಂತ…”

“ಗೊತ್ತಿತ್ತು ನಿನಗ,” ಎಂದರು ಮಾಸ್ತರರು ಮೆಲ್ಲಗೆ. “ಆಕಾಶ ಕಾಣಲಿಲ್ಲ ಅಂತ ಬರದಿದ್ರ ಆಗತಿತ್ತಲ್ಲೋ. ಕಾಣಲಿಲ್ಲ ಅನ್ನೂದೂ ಒಂದು ವೀಕ್ಷಣಾನ.”

ಫೌಜದಾರರು ಎದ್ದು ಗುರುಪಾದಪ್ಪನ ತೋಳು ಹಿಡಿದರು. ಅವನು ಮಾಸ್ತರರ ಕಾಲಿಗೆ ಬಾಗಲು ಹೋದ. ಅವರು ಕಾಲು ಮಡಚಿಕೊಂಡರು.

ಅಂದೇ ಸಂಜೆ ಮಾಸ್ತರರು ಹೊರದೇಶದ ಆ ವೀಕ್ಷಣಾಲಯಕ್ಕೆ ಕಾಗದ ಹೇಳಿ ಬರೆಸಿದರು. ಕುಂದಾ ಬರೆದಳು: ಹದಿನೇಳು ರಾತ್ರಿಗಳ ಅಂಕಿ ಸುಳ್ಳು, ದಯವಿಟ್ಟು ತೆಗೆದುಹಾಕಿ. ತಮ್ಮ ಕಣ್ಣಿನ ಸುದ್ದಿ ಬರೆಸಲಿಲ್ಲ.

ಜನವರಿಯಲ್ಲಿ ಅಮೆರಿಕದ ಗಗನನೌಕೆಯೊಂದು ಏರುತ್ತಲೇ ಸಿಡಿದು ಏಳು ಜನ ಸತ್ತರೆಂದು ರೇಡಿಯೋ ಹೇಳಿತು. ಮುಂದಿನ ಉಡಾವಣೆಗಳೆಲ್ಲ ನಿಂತವು. ಅಂಥದೊಂದರಲ್ಲೇ ಏರಬೇಕಿದ್ದ ಗುರುಗ್ರಹದ ನೌಕೆಯೂ ನಿಂತಿತು. ಅದು ವರ್ಷಗಳ ಬಳಿಕ ಹೊರಟಾಗ ದಾರಿಯೇ ಬೇರೆಯಾಗಿತ್ತು, ಆ ಕ್ಷುದ್ರಗ್ರಹದ ಕಡೆಗೆ ಅದು ಹೋಗಲೇ ಇಲ್ಲ.

ದಾರಿ ಬದಲಾದ ಆ ಸುದ್ದಿ ತಿಳಿದಾಗ ಅದನ್ನು ಹೇಳಲು ಬಾಯಿ ಮತ್ತು ನಾನು ಗುಂಜಿಗೆ ಹೋದೆವು. ಮಾಸ್ತರರು ಕುಂದಾಳನ್ನು ಕರೆದು, ಇಂದು ಆ ಚುಕ್ಕಿ ಎಷ್ಟು ಹೊತ್ತಿಗೆ ಮೂಡುತ್ತದೆ ಎಂದು ಕೇಳಿದರು.

“ಇನ್ನ ಯಾರಿಗೆ ಬೇಕ್ರಿ ಅದು?” ನನ್ನ ಬಾಯಿಂದ ಬಂದೇಬಿಟ್ಟಿತು.

“ಯಾರೂ ಹೋಗೂದಿಲ್ಲ ಅಂದರ, ಇಲ್ಲಿಂದನ ನೋಡಬೇಕಲ್ಲ,” ಎಂದು ಅವರು ಎಡಗಣ್ಣಿಗೆ ಹೊಂದುವಂತೆ ಸ್ಟೂಲನ್ನು ದುರ್ಬೀನಿನ ಆಚೆ ಬದಿಗೆ ಎಳೆದುಕೊಂಡರು.