ಅತ್ತಿಯ ಕಣ್ಣು ತಪ್ಪಿಸಿದ ಗಂಟು

ಊರಿನ ಕಸ ಬೆಲ್ಟಿನ ಮೇಲೆ ಹರಿದು ಬರುತ್ತಿತ್ತು. ಹಾಲಿನ ಪೊಟ್ಟಣ, ಹರಿದ ಚಪ್ಪಲಿ, ತೊಗರಿ ಹೊಟ್ಟು, ಹಾಸಿಗೆಯ ಸ್ಪಂಜು, ಎಲ್ಲವೂ ಚೂರುಯಂತ್ರದ ಹಲ್ಲಿಗೆ ಸಿಕ್ಕು ಅಂಗೈಯಗಲದ ತುಂಡುಗಳಾಗಿದ್ದವು. ಬೆಲ್ಟಿನ ಮೇಲೆ ಬಾಗಿ ನಿಂತಿದ್ದ ಯಂತ್ರವೊಂದು ಪ್ರತಿ ತುಂಡಿನ ಮೇಲೂ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಚೆಲ್ಲಿ, ಮರಳಿ ಬಂದ ಬೆಳಕಿನಿಂದ ಅದರ ಕುಲಗೋತ್ರ ತಿಳಿದುಕೊಳ್ಳುತ್ತಿತ್ತು. ಇದು ರಬ್ಬರು, ಹೆಚ್ಚು ಗಾಳಿ ಬೇಕು. ಇದು ಹೊಟ್ಟು, ಇನ್ನಷ್ಟು ಬರಲಿ. ಇದು ಕ್ಲೋರಿನ್ ಇರುವ ಪ್ಲಾಸ್ಟಿಕ್ಕು, ಆಚೆಗೆ ತಳ್ಳು. ಒಪ್ಪಿಗೆಯಾದದ್ದು ಸಿಮೆಂಟ್ ಕುಲುಮೆಯ ಬೆಂಕಿಗೆ ಬೀಳುತ್ತಿತ್ತು.

ಅದು 2063ನೇ ಇಸವಿ. ಕಾಗಿಣಾ ನದಿಯ ದಂಡೆಯ ಹಾಲಗೇರಿಯಲ್ಲಿ ಕಲ್ಲಿದ್ದಲನ್ನು ಕಣ್ಣಾರೆ ಕಂಡವರು ಕಡಿಮೆಯಾಗಿದ್ದರು. ಸುಣ್ಣಕಲ್ಲು ಸುಡುವ ಆ ದೈತ್ಯ ಕುಲುಮೆ ಸುತ್ತಲಿನ ಪಟ್ಟಣಗಳ ಕಸ ತಿಂದೇ ಉರಿಯುತ್ತಿತ್ತು. ಯಂತ್ರವನ್ನು ರೂಪಿಸಿದ ಡಾ. ನೀಲಾಂಬಿಕಾ ಸಾಲಿಮಠ ಅದಕ್ಕೆ ದಹನಶೋಧಕ ಎಂದು ಹೆಸರಿಟ್ಟಿದ್ದಳು. ಕೆಲಸಗಾರರು ಅದನ್ನು 'ಅತ್ತಿ', ಅಂದರೆ ಅತ್ತೆ, ಎಂದು ಕರೆದರು. ಬಂದದ್ದರಲ್ಲೆಲ್ಲ ಹುಳುಕು ಹುಡುಕುವವಳನ್ನು ಇನ್ನೇನೆಂದು ಕರೆಯಬೇಕು? ನೀಲಾಂಬಿಕಾಗೆ ಮೊದಲು ಸಿಟ್ಟು ಬಂದಿತ್ತು. ಆಮೇಲೆ ಅವಳ ಬಾಯಲ್ಲೂ ಅತ್ತಿಯೇ ಬರತೊಡಗಿತು.

ಆ ಮಧ್ಯಾಹ್ನ ನಿಯಂತ್ರಣ ಕೊಠಡಿಯಲ್ಲಿ ಅಪಾಯದ ಗಂಟೆ ಹೊಡೆದುಕೊಂಡಿತು. ಗೋಪುರದ ಸೈಕ್ಲೋನ್ ಕಟ್ಟಿಕೊಂಡಿತ್ತು. ಸೈಕ್ಲೋನ್ ಎಂದರೆ ಕುಲುಮೆಗೆ ಹೋಗುವ ಕಲ್ಲಿನ ಪುಡಿಯನ್ನು ಬಿಸಿಗಾಳಿಯಲ್ಲಿ ಸುತ್ತಿಸಿ ಕಾಯಿಸುವ ಉಕ್ಕಿನ ದೊಡ್ಡ ಆಲಿಕೆ. ಅದರ ಗಂಟಲು ಕಟ್ಟಿತೆಂದರೆ ಕೆಂಡದಂಥ ಪುಡಿ ಮೇಲೆ ಮೇಲೆ ತುಂಬುತ್ತ ಹೋಗುತ್ತದೆ. ಅದು ಒಮ್ಮೆಲೇ ಕುಸಿದರೆ ಎದುರಿಗಿದ್ದವನ ಗತಿ ಹೇಳುವುದು ಬೇಡ.

ಗೋಪುರದ ಮೇಲೆ, ಆ ಆಲಿಕೆಯ ಪುಟ್ಟ ಕಬ್ಬಿಣದ ಬಾಗಿಲ ಮುಂದೆ, ಮೌನೇಶ ಬಡಿಗೇರ ಉದ್ದನೆಯ ಗಾಳಿಕೊಳವೆ ಹಿಡಿದು ನಿಂತಿದ್ದ. ಅವನ ಕಿವಿಗವಸಿನೊಳಗಿನ ವಾಯರ್‌ಲೆಸ್ಸಿನಿಂದ ದನಿ ನಿಯಂತ್ರಣ ಕೊಠಡಿಗೆ ಬಂತು.

"ಮೇಡಮ್ಮಾರ, ಬಾಗಲಾ ತೆಗೀಲೇನ್ರಿ?"

ನೀಲಾಂಬಿಕಾ ಪರದೆ ನೋಡಿದಳು. ಗಂಟಲು ಕಟ್ಟಲು ಎರಡೇ ಕಾರಣ. ಒಳಗಿನ ಇಟ್ಟಿಗೆ ಕಳಚಿ ಅಡ್ಡ ಬಿದ್ದಿರಬೇಕು. ಹಾಗಿದ್ದರೆ ಪುಡಿ ಹೆಚ್ಚುವ ಮೊದಲೇ ಬಾಗಿಲು ತೆರೆದು ಚುಚ್ಚಬೇಕು. ಇಲ್ಲವೇ ಬೆಂಕಿಯಲ್ಲಿ ಕ್ಲೋರಿನ್ ಸೇರಿ, ಅಂಟಿನಂಥ ಉಪ್ಪು ಹುಟ್ಟಿ, ಗೋಡೆಗೆ ಮೆತ್ತಿಕೊಂಡಿರಬೇಕು. ಹಾಗಿದ್ದರೆ ಬಾಗಿಲು ಮುಟ್ಟಲೇಬಾರದು. ಪುಡಿ ನಿಲ್ಲಿಸಿ, ಜನರನ್ನು ಇಳಿಸಿ, ಎಲ್ಲ ತಣ್ಣಗಾಗುವವರೆಗೆ ದಿನಗಟ್ಟಲೆ ಕಾಯಬೇಕು. ಮರುದಿನವೇ ಮೂರು ರಾಜ್ಯಗಳ ಅಧಿಕಾರಿಗಳು ಉರಿಯುವ ಕುಲುಮೆ ನೋಡಲು ಬರುವವರಿದ್ದರು.

ಪರದೆಯ ಮೇಲೆ ಕ್ಲೋರಿನ್ ಸೊನ್ನೆ ಎಂದಿತ್ತು. ಅತ್ತಿ ಸುಳ್ಳು ಹೇಳುವವಳಲ್ಲ.

"ಇಟ್ಟಂಗಿ ಬಿದ್ದದ. ತೆಗೀರಿ," ಎಂದಳು.

ಹೇಳಿದ ಮೇಲೆ ಅವಳ ಕಣ್ಣು ಇನ್ನೊಂದು ಗೆರೆಯ ಮೇಲೆ ಬಿತ್ತು. ಹತ್ತಿ ಬಟ್ಟೆ. ಎರಡು ದಿನದಿಂದ ಆ ಗೆರೆ ಒಂದೇ ಸಮನೆ ಏರಿತ್ತು. ಊರಲ್ಲಿ ಇಷ್ಟೊಂದು ಹತ್ತಿ ಬಟ್ಟೆ ಎಲ್ಲಿಂದ ಬಂತು? ಅದೂ ಬೆಲ್ಟಿನಿಂದಲ್ಲ, ಕುಲುಮೆಯ ಪಕ್ಕದ ಬಾಗಿಲಿನಿಂದ ಬಂದಿತ್ತು. ಚೂರುಯಂತ್ರಕ್ಕೆ ಬಗ್ಗದ ಟೈರು, ಪಿಂಡಿಗಳನ್ನು ಇಡಿಯಾಗಿ ಬೆಂಕಿಗೆ ಬಿಡುವ ಬಾಗಿಲದು. ಅಲ್ಲಿಯೂ ಅತ್ತಿಯ ಒಂದು ಕಣ್ಣಿತ್ತು. ಅಲ್ಲಿ ಕೆಲಸಕ್ಕಿದ್ದವಳು ಈರಮ್ಮ, ಮೌನೇಶನ ಹೆಂಡತಿ. ನೀಲಾಂಬಿಕಾ ವಾಯರ್‌ಲೆಸ್ಸಿನಲ್ಲಿ ಅವಳನ್ನು ಕೇಳಿದಳು.

"ಈರಮ್ಮಾ, ಆ ಬಾಗಲದಾಗ ಏನು ಹಾಕ್ಲಿಕತ್ತೀರಿ?"

"ಸೀರಿರಿ."

"ಬರೇ ಸೀರಿ?"

ನೀಲಾಂಬಿಕಾ ಏರಿದ ಗೆರೆಯನ್ನು ಮತ್ತೊಮ್ಮೆ ನೋಡಿದಳು.

"ಸೀರ್ಯಾಗ ಏನದ, ಈರಮ್ಮಾ?"

"ಗಂಗಕ್ಕ ಅದಾಳ್ರಿ."

ಗಂಗಕ್ಕ ಊರ ದವಾಖಾನೆಯ ನರ್ಸು. ಹಾಲಗೇರಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಹೋದ ತಿಂಗಳು ತೀರಿಕೊಂಡಿದ್ದಳು.

"ಅಕೀ ಫೋಟೋದ ಫ್ಲೆಕ್ಸ್ ರೀ," ಈರಮ್ಮನ ದನಿ ಕುಗ್ಗಿತು. "ಓಣಿ ಓಣಿಗೆ ಹಾಕಿದ್ರಲ್ರಿ, ಎಲ್ಲಾ ಇಳಿಸಿ ಇಲ್ಲಿಗೇ ಕಳಿಸ್ಯಾರ. ನಮ್ಮನ್ನೆಲ್ಲಾ ಎತ್ತಿದಾಕಿ ಮಾರಿ ಆ ಹಲ್ಲಿನ ಮಿಶನ್ನಿಗೆ ಹ್ಯಾಂಗ ಕೊಡೂದ್ರಿ? ಅದಕ್ಕ ಹೆಂಗಸರೆಲ್ಲಾ ಒಂದೊಂದು ಹಳೀ ಸೀರಿ ತಂದ್ರು. ಸುತ್ತಿ, ಕುಂಕುಮ ಹಚ್ಚಿ, ಕೈ ಮುಗಿದು ಬಿಟ್ಟೀವ್ರಿ. ಬೆಂಕಿಗೆ ಮೈಲಿಗಿಲ್ಲಲ್ರಿ."

ಫ್ಲೆಕ್ಸ್ ಎಂದರೆ ಪಿವಿಸಿ ಪ್ಲಾಸ್ಟಿಕ್ಕು, ಮೈತುಂಬ ಕ್ಲೋರಿನ್. ಅತ್ತಿಯ ಬೆಳಕು ಮೇಲ್ಮೈಯನ್ನು ಮಾತ್ರ ಓದಬಲ್ಲದು. ಹತ್ತಿಯ ಸೀರೆ ಕಂಡಿತು, ಹತ್ತಿ ಎಂದಿತು. ಅವಳೇನೂ ಸುಳ್ಳು ಹೇಳಿರಲಿಲ್ಲ.

"ಮೌನೇಶ, ನಿಲ್ರಿ! ಬಾಗಲಾ ಬ್ಯಾಡ! ಹಿಂದ ಬರ್ರಿ!"

ಮೇಲಿನ ಕ್ಯಾಮೆರಾದಲ್ಲಿ ಮೌನೇಶ ಕಾಣುತ್ತಿದ್ದ. ಒಂದು ಚಿಲಕ ಸರಿಸಿ ಎರಡನೆಯದಕ್ಕೆ ಕೈ ಹಾಕಿದ್ದ. ನಿಲ್ರಿ, ತಡೀರಿ, ಲಗೂ ಮಾಡ್ರಿ ಎಂಬ ಮಾತುಗಳು ಆ ವಾಯರ್‌ಲೆಸ್ಸಿನಲ್ಲಿ ದಿನವಿಡೀ ಯಾರಿಗೋ ಯಾರೋ ಕೂಗುವ ಮಾತುಗಳು. ಫ್ಯಾನಿನ ಗರ್ಜನೆಯಲ್ಲಿ ಅವನ ಕಿವಿ ಅವನ್ನು ಗಮನಿಸುವುದನ್ನು ಯಾವತ್ತೋ ಬಿಟ್ಟಿತ್ತು. ನೀಲಾಂಬಿಕಾ ಮತ್ತೆ ಕೂಗಿದಳು. ಅವನ ಕೈ ನಿಲ್ಲಲಿಲ್ಲ.

ಈರಮ್ಮನಿಗೆ ಈ ಕೂಗೆಲ್ಲ ಕೇಳುತ್ತಿತ್ತು. ಕಾಲ ಎಷ್ಟೇ ಮುಂದೆ ಹೋಗಿದ್ದರೂ ಆಕೆ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ವಾಯರ್‌ಲೆಸ್ಸಿನಲ್ಲೂ 'ಮ್ಯಾಲಿನವರು' ಎಂದೇ ಕರೆದು, ಇಡೀ ಕಾರ್ಖಾನೆಯಿಂದ ಚೇಷ್ಟೆ ಮಾಡಿಸಿಕೊಳ್ಳುತ್ತಿದ್ದಳು.

"ಮೌನೇಶಾ! ಏ ಮೌನೇಶಾ!"

ಮೌನೇಶ ಗಕ್ಕನೆ ನಿಂತ. ಹೆಂಡತಿಯ ಬಾಯಲ್ಲಿ ತನ್ನ ಹೆಸರು! ಏನು ಅನಾಹುತವಾಯಿತೋ ಎಂದು ಗಾಳಿಕೊಳವೆ ಬಿಟ್ಟು, ಕೆಳಗೆ ನೋಡಲು ಕಟಕಟೆಯತ್ತ ಓಡಿದ. ಅಷ್ಟರಲ್ಲಿ ಒಳಗಿನದು ಕುಸಿಯಿತು. ಅರ್ಧ ಸಡಿಲಾಗಿದ್ದ ಬಾಗಿಲು ಸಿಡಿದು, ಕೆಂಪು ಪುಡಿ ನೀರಿನಂತೆ ನುಗ್ಗಿ, ಅವನು ನಿಂತಿದ್ದ ಜಾಗವನ್ನು ಮುಚ್ಚಿಬಿಟ್ಟಿತು. ಪರದೆಯ ತುಂಬ ದೂಳು. ಆ ದೂಳಿನೊಳಗಿಂದ ಅವನ ಕೆಮ್ಮು ಕೇಳಿಸಿದಾಗ ನೀಲಾಂಬಿಕಾ ಮೇಜಿಗೆ ತಲೆಯಿಟ್ಟು ಅತ್ತಳು. ಅವನ ಎಡಗೈ ಸುಟ್ಟಿತ್ತು. ಜೀವ ಉಳಿದಿತ್ತು.

ತೆಗೀರಿ ಎಂದವಳು ತಾನೇ ಎಂದು ನೀಲಾಂಬಿಕಾ ವಿಚಾರಣೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದಳು. ಕಂಪನಿಯ ನಿರ್ದೇಶಕರಿಗೆ ಅದು ಅಷ್ಟು ಬೇಕಾಗಿರಲಿಲ್ಲ.

"ಬಟ್ಟೆಯ ಒಳಗೂ ನೋಡುವ ಕಣ್ಣು ಕೊಡಿ ಅತ್ತಿಗೆ. ಆಗುತ್ತದಲ್ಲ?"

"ಆಗುತ್ತದೆ. ಆಗ ಅವಳು ಫ್ಲೆಕ್ಸನ್ನು ಆಚೆಗೆ ತಳ್ಳುತ್ತಾಳೆ. ಆಚೆಗೆ ಎಂದರೆ ಎಲ್ಲಿಗೆ, ಸರ್?"

ನಿರ್ದೇಶಕರು ಕಿಟಕಿಯ ಹೊರಗೆ ನೋಡಿದರು. ಅತ್ತಿ ಬೇಡವೆಂದದ್ದೆಲ್ಲ ಕಾರ್ಖಾನೆಯ ಹಿಂದೆ ಗುಡ್ಡವಾಗಿ ಬಿದ್ದಿತ್ತು. ನೀಲಾಂಬಿಕಾಳ ತಾಯಿಯ ಕಾಲದಲ್ಲಿ ಹಾಲಗೇರಿಯಲ್ಲಿ ಫ್ಲೆಕ್ಸಿಗೆ ನಿಷೇಧವಿತ್ತು. ಕಾಗದದ ಮೇಲಾದರೂ ಇತ್ತು. ಅತ್ತಿ ಬಂದ ಮೇಲೆ, ಹೇಗೂ ಕುಲುಮೆ ತಿನ್ನುತ್ತದಲ್ಲ ಎಂದು ಪುರಸಭೆ ಆ ನಿಷೇಧವನ್ನೂ ತೆಗೆದುಹಾಕಿತ್ತು. ಹುಟ್ಟಿದರೆ ಒಂದು ಫ್ಲೆಕ್ಸ್, ಗೆದ್ದರೆ ಒಂದು, ಸತ್ತರೆ ಓಣಿಗೊಂದು. ಕಸವನ್ನು ಮುಗಿಸಲು ಹುಟ್ಟಿದ ಯಂತ್ರ ಕಸದ ಭಯವನ್ನು ಮುಗಿಸಿಬಿಟ್ಟಿತ್ತು.

ಮೌನೇಶ ದವಾಖಾನೆಯಿಂದ ಹೊರಟ ದಿನ ನೀಲಾಂಬಿಕಾ ತನ್ನ ಗಾಡಿಯಲ್ಲೇ ಗಂಡಹೆಂಡಿರನ್ನು ಕರೆತಂದಳು. ಊರ ಸರ್ಕಲ್ಲಿನಲ್ಲಿ ಗಾಡಿ ನಿಧಾನವಾಯಿತು. ಹುಡುಗರು ಕಂಬ ಹತ್ತಿ ಹಗ್ಗ ಬಿಗಿಯುತ್ತಿದ್ದರು. ಮನೆಯೆತ್ತರದ ಫ್ಲೆಕ್ಸಿನಲ್ಲಿ ಮೌನೇಶ ನಗುತ್ತಿದ್ದ. 'ಸಾವನ್ನು ಗೆದ್ದು ಬಂದ ಮೌನೇಶಣ್ಣನಿಗೆ ಸ್ವಾಗತ, ಗೆಳೆಯರ ಬಳಗ.'

ಮೌನೇಶ ನಾಚಿ ತಲೆ ತಗ್ಗಿಸಿದ. ಈರಮ್ಮ ಮಾತ್ರ ಗಂಡನ ಆ ದೊಡ್ಡ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಮುಂದೆ ಬಾಗಿ ಮೆಲ್ಲಗೆ ಕೇಳಿದಳು.

"ಮೇಡಮ್ಮಾರ, ಇದನ್ನ ಇಳಿಸಿದ ಮ್ಯಾಲ ಎಲ್ಲಿ ಇಡಬೇಕ್ರಿ?"