ಎಲೆಯಡಿಯ ಲೋಕ

ಬಾಳೆ ಎಲೆ ಈಗಿನದಕ್ಕಿಂತ ಒಂದು ಮೊಳ ಉದ್ದ ಬೆಳೆಯುತ್ತಿದ್ದ ಕಾಲದಲ್ಲಿ ಸಿಂಗಾರಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಒಬ್ಬಳೇ ರಾಜಕುಮಾರಿ, ಹೆಸರು ಹೊನ್ನಾಜಿ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡವಳು. ತಂದೆಗೆ ಗಡಿ ಕಾಯುವುದರಲ್ಲೇ ದಿನ ಹೋಗುತ್ತಿತ್ತು. ಎತ್ತಿ ಆಡಿಸಿ ಬೆಳೆಸಿದವಳು ಅಜ್ಜಿ ಕೆಂಚಾಂಬೆ. ಅರಮನೆ ತುಂಬ ಅಡುಗೆಯವರಿದ್ದರೂ ಮೊಮ್ಮಗಳ ಎಲೆಗೆ ಬೇರೆ ಕೈ ಬಡಿಸುವಂತಿಲ್ಲ, ಅಜ್ಜಿಯೇ ಸೌಟು ಹಿಡಿಯಬೇಕು.

ಹೊನ್ನಾಜಿ ಬಂಗಾರದಂಥ ಮಗು, ಊಟಕ್ಕೆ ಕೂತರೆ ಮಾತ್ರ ರಗಳೆ. ನೆಲ್ಲಿಕಾಯಿ ಕಂಡರೆ ಮುಖ ಕಿವುಚುವಳು. ಹುರುಳಿ ಸಾರು ಬಂದರೆ "ಥೂ, ಕುದುರೆ ತಿನ್ನೋ ಕಾಳು" ಎಂದು ಗೊಣಗುವಳು. ಹಾಗಲಕಾಯಿ ಗೊಜ್ಜಿನ ಸುದ್ದಿಯಂತೂ ಕೇಳಲೇಬೇಡಿ! ಆದರೆ ಬೇಡ ಎಂದರೆ ಅಜ್ಜಿ ನೊಂದುಕೊಂಡಾಳು. ಅದಕ್ಕೆ ಅವಳೊಂದು ಉಪಾಯ ಹುಡುಕಿದಳು. ಅಜ್ಜಿ ತುಪ್ಪ ತರಲು ಒಳಗೆ ಹೋದಾಗ ಎಲೆಯ ಅಂಚನ್ನೆತ್ತಿ ಎಲ್ಲವನ್ನೂ ಕೆಳಗೆ ತಳ್ಳಿಬಿಡುವಳು. ಆಶ್ಚರ್ಯವೆಂದರೆ, ಎಲೆ ತೆಗೆಯುವ ಹೊತ್ತಿಗೆ ಕೆಳಗೆ ಒಂದು ಅಗುಳೂ ಇರುತ್ತಿರಲಿಲ್ಲ.

ಅಜ್ಜಿ ಬಂದು ನೋಡಿದರೆ ಎಲೆ ಚೊಕ್ಕ. "ನನ್ನ ಕಂದನಿಗೆ ಹಾಗಲಕಾಯಿ ಅಂದರೆ ಪ್ರಾಣ ಕಣ್ರೇ" ಎಂದು ಅರಮನೆಗೆಲ್ಲ ಹೇಳಿಕೊಂಡು, ಮರುದಿನ ಇನ್ನೂ ಹೆಚ್ಚು ಮಾಡುವಳು. ಪಾಪ, ಆ ಮುದುಕಿಗೇನು ಗೊತ್ತು? ಹೀಗೇ ವರ್ಷಗಳು ಕಳೆದವು. ಹೊನ್ನಾಜಿ ಬೆಳೆದು ಪ್ರಾಯಕ್ಕೆ ಬಂದಳು, ಕತ್ತಿ ಹಿಡಿದಳು, ಕುದುರೆ ಹತ್ತಿದಳು. ಎಲೆಯ ಅಂಚನ್ನೆತ್ತುವ ಚಾಳಿ ಮಾತ್ರ ಬಿಡಲಿಲ್ಲ. ಆ ತಿನಿಸುಗಳನ್ನು ಕೊನೆಯ ಸಲ ಯಾವಾಗ ಬಾಯಿಗಿಟ್ಟಿದ್ದಳೋ ಅವಳಿಗೇ ನೆನಪಿರಲಿಲ್ಲ.

ಅವಳ ಹುಟ್ಟುಹಬ್ಬದ ದಿನ, ನಡುಮಧ್ಯಾಹ್ನ, ಎಲ್ಲರೂ ಪಂಕ್ತಿಯಲ್ಲಿ ಕೂತಿದ್ದಾಗ ಹೊನ್ನಾಜಿಯ ಎಲೆ ತಾನಾಗಿಯೇ ಮೇಲೆದ್ದಿತು. ಅಡಿಯಿಂದ ಒಂದು ಹಸಿರು ಕೈ ಹೊರಬಂತು. ಕಂಬದಷ್ಟು ದಪ್ಪದ ಕೈ. ಪಂಕ್ತಿಗೆ ಪಂಕ್ತಿಯೇ ಎದ್ದು ಗೋಡೆಗೆ ಅಂಟಿಕೊಂಡಿತು.

"ನಾನು ಗುಳುಂಕ ಮಾಂತ್ರಿಕ" ಎಂದಿತು ಎಲೆಯಡಿಯ ದನಿ. "ಬೇಡ ಎಂದು ಬಾಯಿಬಿಟ್ಟು ಹೇಳಿದ್ದು ನನಗೆ ಸಿಗುವುದಿಲ್ಲ. ಬಚ್ಚಿಟ್ಟದ್ದೆಲ್ಲ ನನ್ನದು. ಈ ಹುಡುಗಿ ಬಚ್ಚಿಟ್ಟದ್ದನ್ನು ತಿಂದೇ ಇಷ್ಟು ಬೆಳೆದೆ. ಅವಳು ದೊಡ್ಡವಳಾದ ಮೇಲೂ ಬಚ್ಚಿಡುತ್ತಾಳೋ ಎಂದು ಕಾದೆ, ಬಚ್ಚಿಟ್ಟಳು. ಇನ್ನು ಬಡಿಸಿದ ಕೈಯೂ ನನ್ನದೇ!"

ಕೆಂಚಾಂಬೆ ಸೌಟು ಹಿಡಿದಲ್ಲೇ ನಿಂತಳು. ಅವಳು ಮಾಂತ್ರಿಕನ ಕಡೆ ನೋಡಲೇ ಇಲ್ಲ, ಮೊಮ್ಮಗಳನ್ನು ನೋಡಿದಳು. "ಹೌದೇನೇ ಹೊನ್ನಿ? ಒಂದು ದಿನವೂ ತಿನ್ನಲಿಲ್ಲವೇನೇ?"

ಹೊನ್ನಾಜಿ ತಲೆ ತಗ್ಗಿಸಿದಳು. ಅಜ್ಜಿಯ ಮುಖ ಬಾಡಿತು. ಅಷ್ಟರಲ್ಲಿ ಆ ಕೈ ಅವಳನ್ನು ಸೌಟಿನ ಸಮೇತ ಎತ್ತಿಕೊಂಡು ಎಲೆಯಡಿಗೆ ಎಳೆದುಕೊಂಡಿತು. ನೆಲದ ಮೇಲೆ ಒಂದು ಸಣ್ಣ ಹಣತೆ ಉರಿಯುತ್ತ ಉಳಿಯಿತು.

"ಅಜ್ಜಿ ಬೇಕಿದ್ದರೆ ಕೆಳಗೆ ಬಾ" ಎಂದ ಗುಳುಂಕ. "ಮೂರು ಕಡೆ ಮೂರು ತಿನಿಸು ಕಾದಿವೆ. ತಿಂದು, ಮನಸಾರೆ ಇನ್ನಷ್ಟು ಕೇಳಬೇಕು. ಈ ದೀಪಕ್ಕೆ ನಿನ್ನ ನಾಲಿಗೆ ಗೊತ್ತು, ಸುಳ್ಳಾಡಿದರೆ ಕುಗ್ಗುತ್ತದೆ. ಆರಿತೋ, ಅಜ್ಜಿಯನ್ನು ಮರೆತುಬಿಡು."

ಹೊನ್ನಾಜಿ ಕಣ್ಣೊರೆಸಿಕೊಂಡಳು, ದೀಪ ಎತ್ತಿಕೊಂಡಳು, ಎಲೆಯ ಅಂಚು ಸರಿಸಿ ಇಳಿದಳು.

ಏನೆಂದು ಹೇಳಲಿ ಆ ಲೋಕವನ್ನು! ಅಲ್ಲಿ ಆಕಾಶವೆಂದರೆ ಬಾಳೆ ಎಲೆಯ ಅಡಿಭಾಗ. ಮೂಡಣದಿಂದ ಪಡುವಣದವರೆಗೆ ಎಲೆಯ ನಡುದಿಂಡು ಹಾದುಹೋಗಿತ್ತು, ಅದರ ಎರಡೂ ಕಡೆ ಸಾವಿರ ಗೆರೆಗಳು. ಗೆರೆಗೆರೆಯಿಂದಲೂ ಹಸಿರು ಬೆಳಕು ಸೋರುತ್ತಿತ್ತು. ಮಕ್ಕಳು ಬಚ್ಚಿಟ್ಟದ್ದೆಲ್ಲ ಅಲ್ಲಿ ಜೀವ ತಳೆದಿತ್ತು. ಬದನೆಕಾಯಿಗಳು ಕರುಗಳಂತೆ ಮೇಯುತ್ತಿದ್ದವು. ಒಗ್ಗರಣೆಯಿಂದ ಆರಿಸಿ ಎಸೆದ ಕರಿಬೇವು ಗಿಳಿಯ ಹಿಂಡಾಗಿ ಹಾರುತ್ತಿತ್ತು. ಹೊನ್ನಾಜಿ ಬಾಯಿ ತೆರೆದುಕೊಂಡು ನಿಂತಳು. ತಾನು ಕಸವೆಂದು ತಳ್ಳಿದ್ದು ಇಷ್ಟು ಚೆಂದವೇ ಎಂದುಕೊಂಡಳು.

ನಡೆದಳು, ನಡೆದಳು, ನಡೆದು ನಡೆದು ಬಾಯಾರಿ ಒಂದು ನೆಲ್ಲಿಮರದ ಹತ್ತಿರ ಬಂದಳು. ಮರದಡಿ ಒಂದು ಚಿನ್ನದ ಹುಲಿ ಮಲಗಿತ್ತು, ಅದರ ಬೆನ್ನ ಹಿಂದೆ ಒಂದು ಚಿಲುಮೆ.

"ತಿನ್ನು" ಎಂದಿತು ಹುಲಿ.

ಹೊನ್ನಾಜಿ ಒಂದು ಕಾಯಿ ಕಚ್ಚಿದಳು. ಒಗರು! ಹುಳಿ! ಕಣ್ಣು ತಾನಾಗಿ ಮುಚ್ಚಿಕೊಂಡಿತು. ಉಗಿದುಬಿಡೋಣ ಎನ್ನಿಸಿತು, ಅಜ್ಜಿಯ ಮುಖ ನೆನೆದು ನುಂಗಿದಳು. ಹುಲಿ ಮೀಸೆಯಲ್ಲೇ ನಕ್ಕು, ಚಿಲುಮೆ ಬಿಟ್ಟು ಸರಿಯಿತು. ಅವಳು ಬೊಗಸೆ ತುಂಬ ನೀರು ಕುಡಿದಳು. ಅಬ್ಬಾ! ಬರೀ ನೀರು ಬೆಲ್ಲದ ಪಾನಕವಾಗಿ ಗಂಟಲಲ್ಲಿ ಇಳಿಯಿತು.

"ಅಯ್ಯೋ, ಇದರೊಳಗೆ ಇಷ್ಟು ಸಿಹಿ ಎಲ್ಲಿತ್ತು ಹುಲಿಯಣ್ಣ?"

"ಯಾವಾಗಲೂ ಇತ್ತು. ಅದು ಬರುವಷ್ಟರಲ್ಲಿ ನೀನು ಎಸೆದುಬಿಡುತ್ತಿದ್ದೆ."

"ಹಾಗಾದರೆ ಇನ್ನೊಂದು ಕೊಡು!" ಎಂದಳು ಹೊನ್ನಾಜಿ. ದೀಪ ಒಂದು ಬೆರಳು ಎತ್ತರವಾಯಿತು. ಹುಲಿ ದಾರಿ ಬಿಟ್ಟಿತು.

ಮುಂದೆ ಮಂಜಿನ ಬೆಟ್ಟ. ಹತ್ತಿದಳು, ಹತ್ತಿದಳು, ಹತ್ತಿ ಹತ್ತಿ ಹಸಿದು, ಚಳಿಗೆ ಹಲ್ಲು ಕಟಕಟ ಎನ್ನುವ ಹೊತ್ತಿಗೆ ತುದಿ ತಲುಪಿದಳು. ಅಲ್ಲೊಂದು ನೀಲಿ ಕುದುರೆ. ಅದರ ಉಸಿರಿನ ಬಿಸಿಗೇ ಒಲೆಯಿಲ್ಲದೆ ಒಂದು ಮಡಕೆ ಹುರುಳಿ ಸಾರು ಕುದಿಯುತ್ತಿತ್ತು. ಪಕ್ಕದಲ್ಲಿ ಹೊಗೆಯಾಡುವ ರಾಗಿಮುದ್ದೆ.

ಒಂದು ಸಲ ಗೆದ್ದವಳಿಗೆ ಧೈರ್ಯ ಬಂದಿತ್ತು, ಆತುರವೂ ಬಂದಿತ್ತು. ಒಂದು ತುತ್ತು ಬಾಯಿಗೆ ಹಾಕಿದ್ದೇ "ಆಹಾ, ಬಲು ರುಚಿ! ಇನ್ನಷ್ಟು ಬಡಿಸು!" ಎಂದುಬಿಟ್ಟಳು. ದೀಪ ಸಾಸಿವೆಕಾಳಿನಷ್ಟಾಯಿತು.

ಕುದುರೆ ಗೊರಸು ಬಡಿಯಿತು. "ನಾಲಿಗೆ ಕೇಳದೆ ನೀನೇ ಮಾತಾಡಬೇಡ ತಾಯಿ!"

ಹೊನ್ನಾಜಿ ದೀಪಕ್ಕೆ ಕೈ ಮರೆ ಮಾಡಿದಳು. "ತಪ್ಪಾಯಿತು, ತಪ್ಪಾಯಿತು. ಹಿಡಿಸಲಿಲ್ಲ. ವಾಸನೆ ಹಿಡಿಸಲಿಲ್ಲ" ಎಂದಳು. ನಿಜ ಕೇಳಿ ದೀಪ ಸಾವರಿಸಿಕೊಂಡಿತು.

"ಈಗ ನಿಧಾನವಾಗಿ ತಿನ್ನು. ನಾಲಿಗೆಯೂ ನಿನ್ನ ಜೊತೆಗೇ ಬೆಳೆದಿದೆ, ನೀನು ಅದನ್ನು ವಿಚಾರಿಸಿಯೇ ಇಲ್ಲ."

ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಎದೆಯವರೆಗೆ ಬೆಚ್ಚಗಾಯಿತು. ಮತ್ತೊಂದು ತುತ್ತಿಗೆ ಬೆಳ್ಳುಳ್ಳಿ ಒಗ್ಗರಣೆಯ ಘಮ ಗೊತ್ತಾಯಿತು. ಇನ್ನೊಂದಕ್ಕೆ ಹುರಿದ ಕಾಳಿನ, ಮಳೆ ಬಿದ್ದ ಮಣ್ಣಿನಂಥ ರುಚಿ ಬಂತು. ನೋಡುತ್ತಾಳೆ, ಮುದ್ದೆ ಖಾಲಿ! ನಾಚಿಕೆಯಿಂದ ಕುದುರೆಯ ಕಡೆ ತಿರುಗಿದಳು. "ಇನ್ನೊಂದು ಸೌಟು ಸಿಕ್ಕೀತೇ?"

"ನನ್ನ ಪಾಲಿನದು. ಇರಲಿ, ತಿನ್ನು" ಎಂದು ಕುದುರೆ ನಕ್ಕಿತು. ದೀಪ ಗೇಣೆತ್ತರ ಉರಿಯಿತು.

ಬೆಟ್ಟದಾಚೆ ಗುಳುಂಕನ ಅರಮನೆ. ಹಾಗಲ ಬಳ್ಳಿಯದೇ ಗೋಡೆ, ಹಾಗಲ ಬಳ್ಳಿಯದೇ ಸೂರು. ಒಳಗೆ ಬೆಟ್ಟದಷ್ಟು ದೊಡ್ಡ ಗುಳುಂಕ ಕೂತಿದ್ದ. ಅವನೆದುರು ಒಂದು ಎಲೆ ಹಾಸಿತ್ತು. ತಲೆಯಿಂದ ಕಾಲಿನವರೆಗೆ ಬೂದು ಮುಸುಕು ಹೊದ್ದ ಯಾರೋ ಒಬ್ಬರು ಮಾತಿಲ್ಲದೆ ಬಂದು ಹಾಗಲಕಾಯಿ ಗೊಜ್ಜು ಬಡಿಸಿ ಸರಿದು ನಿಂತರು.

ಹೊನ್ನಾಜಿ ತಿಂದಳು. ಕಹಿ. ಸುಮ್ಮನೆ ಕಹಿ. ನೀರು ಕುಡಿದಳು, ಕಹಿಯೇ. ಹೊಟ್ಟೆ ತುಂಬಿತ್ತು, ಹಸಿವಿನ ಸಹಾಯವೂ ಇರಲಿಲ್ಲ.

ಗುಳುಂಕ ಹೊಟ್ಟೆ ಕುಣಿಸಿ ನಕ್ಕ. "ಇದು ನೆಲ್ಲಿಕಾಯಲ್ಲ ಹುಡುಗಿ. ಇದರಲ್ಲಿ ಸಿಹಿ ಅಡಗಿಲ್ಲ. ಕಹಿ ಕೊನೆವರೆಗೂ ಕಹಿಯೇ!"

ಅವನು ಹೇಳಿದ್ದು ನಿಜ. ಅವಳು ಮತ್ತೊಂದು ತುತ್ತು ತಿಂದಳು. ಕಹಿಯ ಸುತ್ತ ಹುಣಸೆಹುಳಿ ಇತ್ತು. ಹುಳಿಯ ಪಕ್ಕದಲ್ಲಿ ಹುರಿದ ಎಳ್ಳಿನ ಪುಡಿ ಇತ್ತು, ಒಂದು ಚೂರೇ ಚೂರು ಸೀದ ಎಳ್ಳು. ಎಳ್ಳು ಹುರಿಯುತ್ತ ತನಗೆ ಕತೆ ಹೇಳುತ್ತಿದ್ದ ಅಜ್ಜಿ, ಕತೆಯ ಭರದಲ್ಲಿ ಯಾವಾಗಲೂ ಎಳ್ಳು ಸೀಯಿಸಿಬಿಡುತ್ತಿದ್ದ ಅಜ್ಜಿ! ಲೋಕದಲ್ಲಿ ಇನ್ನಾರ ಗೊಜ್ಜಿನಲ್ಲೂ ಇರದ ರುಚಿ ಅದು. ಇಷ್ಟು ವರ್ಷ ದಿನದಿನವೂ ಎಲೆಗೆ ಬಂದಿದ್ದ ಅಜ್ಜಿಯನ್ನೇ ತಾನು ಕೆಳಗೆ ತಳ್ಳಿದ್ದೆನೆಂದು ತಿಳಿದು ಹೊನ್ನಾಜಿ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ತಿಂದಳು. ಕಹಿ ಹಾಗೇ ಇತ್ತು, ಅದು ಬೇಕಿತ್ತು. ಗೊಜ್ಜು ಮುಗಿಯುತ್ತ ಬಂದಂತೆ ಅವಳಿಗೆ ಹೆದರಿಕೆಯಾಯಿತು. ಮುಗಿದೇ ಹೋದರೆ?

ಎಲೆಯ ಮೇಲೆ ಬೆರಳಾಡಿಸಿ, ಮುಸುಕಿನವಳ ಕಡೆ ಕೈಚಾಚಿದಳು. "ಇನ್ನಷ್ಟು ಬಡಿಸು ಅಜ್ಜೀ."

ದೀಪ ಭುಗಿಲ್ಲೆಂದು ಸೂರು ಮುಟ್ಟಿತು. ಮುಸುಕು ಉದುರಿತು. ಸೌಟು ಹಿಡಿದು ನಿಂತಿದ್ದವಳು ಕೆಂಚಾಂಬೆ! ಗುಳುಂಕ "ಬೇಡ, ಬೇಡ, ಅದು ನನ್ನದು" ಎಂದು ಕಿರುಚಿದ. ಯಾರ ಪಾಲು ಅವರಿಗೇ ಬೇಕೆಂದ ಮೇಲೆ ಅವನಲ್ಲಿ ಉಳಿಯುವುದೇನು? ಬೆಟ್ಟದಷ್ಟಿದ್ದವನು ಆನೆಯಷ್ಟಾದ, ಆನೆಯಷ್ಟಿದ್ದವನು ಆಡಿನಷ್ಟಾದ, ಕೊನೆಗೆ ಒಂದು ಹಸಿರು ಹುಳುವಾಗಿ ಹಾಗಲ ಬಳ್ಳಿಯೊಳಗೆ ನುಸುಳಿಕೊಂಡ. ತಲೆಯ ಮೇಲಿನ ಎಲೆಯಾಕಾಶ ತುದಿಯಿಂದ ಸುರುಳಿ ಸುತ್ತಿಕೊಂಡಿತು. ಅಜ್ಜಿ, ಮೊಮ್ಮಗಳು ಇಬ್ಬರೂ ಕೈಯಲ್ಲಿದ್ದ ದೀಪದ ಸಮೇತ ಸಿಂಗಾರಗಿರಿಯ ಊಟದ ಮನೆಯಲ್ಲಿ ಬಂದು ನಿಂತರು.

ಹೊನ್ನಾಜಿ ಅಜ್ಜಿಯ ಕಾಲು ಹಿಡಿದಳು. ಅಜ್ಜಿ ಎತ್ತಿ, ತಲೆಗೊಂದು ಮೊಟಕಿದಳು. "ಮೊದಲೇ ಬೇಡ ಅಂತ ಒಂದು ಮಾತು ಹೇಳಬಾರದಿತ್ತೇನೇ ಪೆದ್ದಿ? ಒಂದು ಬದನೆಕಾಯಿ ಎಣ್ಣೆಗಾಯಿ ಮಾಡಿ ಹಾಕುತ್ತಿದ್ದೆನಲ್ಲ!" ಇಬ್ಬರೂ ತಬ್ಬಿಕೊಂಡು ಅತ್ತರು, ನಕ್ಕರು.

ಅಂದಿನಿಂದ ಆ ರಾಜ್ಯದ ಮಕ್ಕಳು ಬೇಡವಾದದ್ದನ್ನು ಬೇಡ ಎಂದೇ ಹೇಳಿದರು, ದೊಡ್ಡವರು "ಆಗಲಿ, ಬೆಳೆದ ಮೇಲೆ ಇನ್ನೊಮ್ಮೆ ನಾಲಿಗೆಯನ್ನು ಕೇಳಿ ನೋಡು" ಎಂದರು. ಎಲ್ಲರೂ ಉಂಡು ಸುಖವಾಗಿದ್ದರು. ಹೊನ್ನಾಜಿ ರಾಣಿಯಾದ ಮೇಲೂ ಆ ದೀಪ ಊಟದ ಮನೆಯ ಗೂಡಿನಲ್ಲಿ ಉರಿಯುತ್ತಿತ್ತು.

"ಗೊಜ್ಜು ಇನ್ನಷ್ಟು ಹಾಕಲೇನೇ ಹೊನ್ನಿ?" ಎಂದು ಅಜ್ಜಿ ದಿನವೂ ಕೇಳುವಳು.

"ಹಾಕಜ್ಜಿ, ಧಾರಾಳವಾಗಿ ಹಾಕು."

ಅಜ್ಜಿ ಓರೆಗಣ್ಣಿನಲ್ಲಿ ದೀಪ ನೋಡುವಳು. ದೀಪ ಗೇಣೆತ್ತರ ಏಳುವುದು. ಆದರೂ ಆ ಮುದುಕಿ ಬಗ್ಗಿ, ಎಲೆಯ ಅಂಚನ್ನೊಮ್ಮೆ ಎತ್ತಿ ನೋಡಿಯೇ ಬಡಿಸುವಳು.